ಚಪ್ಪಟೆ ಗೆರೆಗೆ ಆಳ ಕೊಟ್ಟ ವೀಟ್‌ಸ್ಟನ್

ವೀಟ್‌ಸ್ಟನ್ ಎಂದೊಡನೆ ಶಾಲೆಯ 'ವೀಟ್‌ಸ್ಟನ್ ಬ್ರಿಡ್ಜ್' ನೆನಪಾಗುತ್ತದೆ, ಅಲ್ಲವೇ? ನಿಜವೆಂದರೆ ಅದನ್ನು ಮೊದಲು ರೂಪಿಸಿದ್ದು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. ಇವರು ಪ್ರಚಾರಕ್ಕೆ ತಂದರು, ಅಷ್ಟೇ.

1802ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್ ವೀಟ್‌ಸ್ಟನ್ ಭಾಷಣವೆಂದರೆ ಹಿಂಜರಿಯುವ ಸಂಕೋಚಿ. ನಾವು ಹೇಳಹೊರಟಿರುವುದು ಅವರ 1838ರ ಸ್ಟೀರಿಯೋಸ್ಕೋಪ್ ಬಗ್ಗೆ. ತುಸುವೇ ಬೇರೆಯಾದ ಎರಡು ಗೆರೆಚಿತ್ರಗಳನ್ನು ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ತೋರಿಸಿದರು. ಚಪ್ಪಟೆ ಗೆರೆಗಳು ಘನವಾಗಿ ಎದ್ದು ನಿಂತವು! 1852ರಲ್ಲಿ ಇನ್ನೊಂದು ಪ್ರಯೋಗ: ಚಿತ್ರ ಬದಲಾಗದಿದ್ದರೂ, ಕಣ್ಣುಗಳು ಹೆಚ್ಚು ಒಳಕ್ಕೆ ತಿರುಗಿದಾಗ ಅದು ಕುಗ್ಗಿದಂತೆ ಕಂಡಿತು.

1875ರಲ್ಲಿ ಅವರು ತೀರಿಕೊಂಡರು. ಇಂದು ಕಾರಿನ ಮುಂಗಾಜಿನಾಚೆ ಮೂಡುವ ಎಆರ್ ಬಾಣಕ್ಕೂ ಇದೇ ಪೇಚು. ಬಿಂಬ ಕೆಲವೇ ಮೀಟರ್ ದೂರದಲ್ಲಿದ್ದು ತಿರುವು ಇನ್ನೂ ಆಚೆಗಿದ್ದರೆ, ಬಾಣ ಯಾವ ತಿರುವಿನದೆಂದು ನಾವು ತಪ್ಪು ತಿಳಿಯಬಹುದು.