ಅಸೆಂಬ್ಲಿ ಲೈನಿನಿಂದ ಇಳಿದುಬಂದ ಹಾಡುಗಾರ

ಅಸೆಂಬ್ಲಿ ಲೈನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಹೆನ್ರಿ ಫೋರ್ಡ್, ಕನ್ವೇಯರ್ ಬೆಲ್ಟು, ಜೊತೆಗೆ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ಹತ್ತು ಅಂಕದ ಉತ್ತರ. ಅದೇ ಪದ್ಧತಿಯಲ್ಲಿ ಹಾಡುಗಳನ್ನೂ ಹಾಡುಗಾರರನ್ನೂ ತಯಾರಿಸಿದ ಕಂಪನಿಯೊಂದಿತ್ತು. ಊರು ಅಮೆರಿಕದ ಡೆಟ್ರಾಯ್ಟ್, ಕಾರುಗಳ ತವರು. ಕಂಪನಿಯ ಹೆಸರು ಮೋಟೌನ್, ಅಂದರೆ ಮೋಟಾರ್ ಟೌನ್ ಅನ್ನೋದರ ಮೊಟಕು ರೂಪ. ಆ ಸಾಲಿನಲ್ಲೇ ತಯಾರಾಗಿ, ಹತ್ತು ವರ್ಷ ಹೇಳಿದ್ದನ್ನು ಹಾಡಿ, ಒಂದು ದಿನ ಇನ್ನು ನನ್ನ ಹಾಡು ನನ್ನದೇ ಅಂತ ಹಟ ಹಿಡಿದು ಕೂತ ಗಾಯಕನ ಕಥೆ ಈ ಸಲ ಹೇಳ್ತೀವಿ. ಅವನ ಹೆಸರು ಮಾರ್ವಿನ್ ಗೇ.

ಮಾರ್ವಿನ್ ಹುಟ್ಟಿದ್ದು 1939ರ ಏಪ್ರಿಲ್ 2ರಂದು, ವಾಷಿಂಗ್ಟನ್ ಡಿ.ಸಿ.ಯಲ್ಲಿ. ತಂದೆಯ ಹೆಸರೂ ಮಾರ್ವಿನ್ನೇ. ಸಣ್ಣದೊಂದು ಕ್ರೈಸ್ತ ಪಂಗಡದ ಬೋಧಕ. ಮನೆಯಲ್ಲಿ ಶಿಸ್ತು ವಿಪರೀತ, ಸಣ್ಣ ತಪ್ಪಿಗೂ ಹೊಡೆತ. ತಾಯಿ ಆಲ್ಬರ್ಟಾ ಬೇರೆಯವರ ಮನೆಗೆಲಸ ಮಾಡಿ ಸಂಸಾರ ತೂಗಿಸುತ್ತಿದ್ದಳು. ಹುಡುಗನಿಗೆ ಸಮಾಧಾನ ಸಿಗುತ್ತಿದ್ದುದು ಚರ್ಚಿನಲ್ಲಿ ಹಾಡುವಾಗ ಮಾತ್ರ. 17ನೇ ವಯಸ್ಸಿಗೆ ಮನೆಯಿಂದ ತಪ್ಪಿಸಿಕೊಂಡರೆ ಸಾಕು ಅಂತ ವಾಯುಪಡೆ ಸೇರಿದ. ಅಲ್ಲೂ ಆಜ್ಞೆಗಳೇ. ಮರುವರ್ಷವೇ ಅಲ್ಲಿಂದ ಹೊರಬಿದ್ದ. ಮುಂದೆ ಹಾಡುಗಾರನಾದಾಗ ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತದ ಕೊನೆಗೆ ಒಂದು ಅಕ್ಷರ ಹೆಚ್ಚು ಸೇರಿಸಿಕೊಂಡ. ಓದುವಾಗ ಅದೇ ಹೆಸರು, ಬರೆಯುವಾಗ ಅಪ್ಪನದಲ್ಲ.

ಹಾರ್ವೆ ಫುಕ್ವಾ ಎಂಬ ಗಾಯಕನ ತಂಡದಲ್ಲಿ ಸೇರಿ, ಅವನ ಬೆನ್ನು ಹಿಡಿದು 1960ರಲ್ಲಿ ಮಾರ್ವಿನ್ ಡೆಟ್ರಾಯ್ಟ್‌ಗೆ ಬಂದ. ಮೋಟೌನ್ ಶುರುವಾಗಿ ಆಗಿನ್ನೂ ಒಂದು ವರ್ಷ ಆಗಿತ್ತಷ್ಟೇ. ಅದರ ಯಜಮಾನ ಬೆರಿ ಗಾರ್ಡಿ ಹಿಂದೆ ಲಿಂಕನ್-ಮರ್ಕ್ಯುರಿ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿದವನು. ಒಂದು ಕಡೆ ಬರೀ ಚೌಕಟ್ಟಾಗಿ ಒಳಹೋಗೋದು ಇನ್ನೊಂದು ಕಡೆ ಹೊಳೆಯುವ ಕಾರಾಗಿ ಹೊರಬರೋದನ್ನು ದಿನಾ ನೋಡುತ್ತಿದ್ದ. ಬೀದಿಯ ಹುಡುಗ ಹುಡುಗಿಯರನ್ನು ಒಳಗೆ ಬಿಟ್ಟು, ತಾರೆಗಳನ್ನಾಗಿ ಹೊರಗೆ ತರೋದು ಯಾಕಾಗಬಾರದು ಅನ್ನಿಸಿತು. ಮನೆಯವರಿಂದ 800 ಡಾಲರ್ ಸಾಲ ತಗೊಂಡು ಕಂಪನಿ ಶುರುಮಾಡಿದ.

ಆ ಸಾಲು ಹೇಗಿತ್ತು ನೋಡಿ. ಹಾಡು ಬರೆಯೋಕೆ ಒಂದು ತಂಡ. ನುಡಿಸೋಕೆ ಸಂಬಳದ ವಾದ್ಯಗಾರರ ಇನ್ನೊಂದು ತಂಡ; ಇವರು ತಮ್ಮನ್ನು ಫಂಕ್ ಬ್ರದರ್ಸ್ ಅಂತ ಕರೆದುಕೊಳ್ಳುತ್ತಿದ್ದರು. ಹೆಜ್ಜೆ ಕಲಿಸೋಕೆ ಚೋಲಿ ಆಟ್ಕಿನ್ಸ್. ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಅಂತ ತಿದ್ದೋಕೆ ಮ್ಯಾಕ್ಸಿನ್ ಪೊವೆಲ್. ಕೊನೆಯಲ್ಲಿ ಕ್ವಾಲಿಟಿ ಕಂಟ್ರೋಲ್. ಹೌದು, ಹೆಸರೇ ಅದು. ವಾರಕ್ಕೊಮ್ಮೆ ಸಭೆ ಸೇರಿ, ತಯಾರಾದ ಹಾಡುಗಳನ್ನು ಕೇಳಿ, ಯಾವುದು ಹೊರಗೆ ಹೋಗಬೇಕು ಅಂತ ಮತ ಹಾಕುತ್ತಿದ್ದರು. ಹಸಿದವನ ಜೇಬಿನಲ್ಲಿ ಒಂದೇ ಡಾಲರ್ ಉಳಿದಿದ್ದರೆ ಅವನು ಈ ರೆಕಾರ್ಡ್ ಕೊಳ್ಳುತ್ತಾನೋ ಸ್ಯಾಂಡ್‌ವಿಚ್ ಕೊಳ್ಳುತ್ತಾನೋ ಅನ್ನೋದು ಅಲ್ಲಿನ ಅಳತೆಗೋಲು.

ಈ ವ್ಯವಸ್ಥೆಯನ್ನು ನಾವು ಸುಮ್ಮನೆ ಗೇಲಿ ಮಾಡುವಂತಿಲ್ಲ. ಕಪ್ಪು ಜನರಿಗೆ ದೊಡ್ಡ ವೇದಿಕೆಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರ ಸಂಗೀತವನ್ನು ಇಡೀ ಅಮೆರಿಕದ ರೇಡಿಯೋಗೆ ತಲುಪಿಸಿದ್ದು ಇದೇ ಸಾಲು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಟೀವಿ ವಂಡರ್ ಎಲ್ಲ ಇಲ್ಲಿಂದಲೇ ಬಂದವರು. ಆದರೆ ಸಾಲಿನಲ್ಲಿ ನಿಂತವನಿಗೆ ಏನು ಹಾಡಬೇಕು, ಹೇಗೆ ಹಾಡಬೇಕು, ಯಾವಾಗ ಬಿಡುಗಡೆ ಆಗಬೇಕು ಅನ್ನೋದರಲ್ಲಿ ಮಾತೇ ಇರಲಿಲ್ಲ.

ಮಾರ್ವಿನ್‌ಗೆ ನ್ಯಾಟ್ ಕಿಂಗ್ ಕೋಲ್ ಥರ ಸೂಟು ತೊಟ್ಟು, ಸ್ಟೂಲ್ ಮೇಲೆ ಕೂತು ಮೆಲುದನಿಯಲ್ಲಿ ಹಾಡೋ ಆಸೆ. 1961ರಲ್ಲಿ ಬಂದ ಮೊದಲ ಆಲ್ಬಮ್ ಅದೇ ಧಾಟಿಯದು. ಯಾರೂ ಕೊಳ್ಳಲಿಲ್ಲ. ಹೊಟ್ಟೆಪಾಡಿಗೆ ಬೇರೆಯವರ ಹಾಡುಗಳಿಗೆ ಡ್ರಮ್ಸ್ ಬಾರಿಸಿದ. 1962ರಲ್ಲಿ ಕಂಪನಿ ಬಯಸಿದ ಕುಣಿತದ ಹಾಡಿಗೆ ಒಪ್ಪಿಕೊಂಡ ಮೇಲೆ ಗೆಲುವು ಶುರುವಾಯ್ತು. ‘ಸ್ಟಬರ್ನ್ ಕೈಂಡ್ ಆಫ್ ಫೆಲೋ’ ಅನ್ನೋದು ಆ ಹಾಡಿನ ಹೆಸರು. ಹಟಮಾರಿ ಅಂತ ಅರ್ಥ. ಹೆಸರು ಸರಿಯಾಗೇ ಇತ್ತು. 1963ರಲ್ಲಿ ಬೆರಿ ಗಾರ್ಡಿಯ ಅಕ್ಕ, ತನಗಿಂತ 17 ವರ್ಷ ದೊಡ್ಡವಳಾದ ಆನಾಳನ್ನು ಮದುವೆಯಾದ. ಅಲ್ಲಿಗೆ ಯಜಮಾನನೇ ಭಾಮೈದನೂ ಆದ. ಇನ್ನು ಜಗಳ ಆಫೀಸಿನಲ್ಲೇ ಮುಗಿಯುವ ಹಾಗಿರಲಿಲ್ಲ.

ಒಂದರ ಹಿಂದೆ ಒಂದು ಹಿಟ್ ಬಂತು. ಹಾಡು ಬರೆಯುವವರು ಬೇಕೆಂದೇ ಅವನ ದನಿಗೆ ನಿಲುಕದಷ್ಟು ಎತ್ತರದ ಶ್ರುತಿ ಇಡುತ್ತಿದ್ದರು. ಗಂಟಲು ಹರಿಯುವಂತೆ ಹಾಡಿದರೆ ಅದರಲ್ಲಿ ನೋವು ಕೇಳಿಸುತ್ತೆ ಅನ್ನೋ ಲೆಕ್ಕ. 1967ರಲ್ಲಿ ನಾರ್ಮನ್ ವಿಟ್‌ಫೀಲ್ಡ್ ಹಾಗೇ ಜಗಳವಾಡಿ ಹಾಡಿಸಿದ್ದು ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’. ಕ್ವಾಲಿಟಿ ಕಂಟ್ರೋಲ್ ಸಭೆ ಅದನ್ನು ತಿರಸ್ಕರಿಸಿತು. ಅದೇ ಹಾಡನ್ನು ಗ್ಲಾಡಿಸ್ ನೈಟ್ ಹಾಡಿದ್ದು ಬಿಡುಗಡೆಯಾಯಿತು. ಮಾರ್ವಿನ್ ಹಾಡಿದ್ದು ಮರುವರ್ಷ ಒಂದು ಆಲ್ಬಮ್ಮಿನ ಮೂಲೆಯಲ್ಲಿ ಸೇರಿಕೊಂಡಿತು. ರೇಡಿಯೋದವರು ಅದನ್ನು ಹುಡುಕಿ ಹಾಕತೊಡಗಿದಾಗ ಕಂಪನಿ ಬೇರೆ ದಾರಿಯಿಲ್ಲದೆ ಸಿಂಗಲ್ ಆಗಿ ಹೊರತಂದಿತು. ಏಳು ವಾರ ಪಟ್ಟಿಯಲ್ಲಿ ಮೊದಲ ಸ್ಥಾನ. ಅಲ್ಲಿಯವರೆಗೆ ಮೋಟೌನ್ ಮಾರಿದ್ದರಲ್ಲೆಲ್ಲ ಅದೇ ದೊಡ್ಡ ಹಿಟ್. ತಪಾಸಣೆಯಲ್ಲಿ ಫೇಲಾದ ಮಾಲು!

ಆದರೆ ಅಷ್ಟು ದೊಡ್ಡ ಗೆಲುವು ಮಾರ್ವಿನ್‌ನ ಮನಸ್ಸಿಗೆ ತಾಗಲೇ ಇಲ್ಲ. ಕಾರಣ ಟ್ಯಾಮಿ ಟೆರೆಲ್. ಅವಳ ಜೊತೆ ಅವನು ಹಾಡಿದ ಯುಗಳ ಗೀತೆಗಳು ಮನೆಮಾತಾಗಿದ್ದವು. 1967ರ ಅಕ್ಟೋಬರಿನಲ್ಲಿ ವರ್ಜೀನಿಯಾದ ಕಾಲೇಜೊಂದರ ವೇದಿಕೆಯ ಮೇಲೆ ಹಾಡುತ್ತಿರುವಾಗಲೇ ಆಕೆ ಅವನ ತೋಳಿನಲ್ಲಿ ಕುಸಿದಳು. ಮೆದುಳಿನಲ್ಲಿ ಗಡ್ಡೆ. ಹಲವು ಶಸ್ತ್ರಚಿಕಿತ್ಸೆಗಳಾದರೂ ಉಳಿಯಲಿಲ್ಲ. 1970ರ ಮಾರ್ಚ್ 16ರಂದು ತೀರಿಕೊಂಡಾಗ ಅವಳಿಗೆ 24 ವರ್ಷ. ಮಾರ್ವಿನ್ ವೇದಿಕೆ ಹತ್ತೋದನ್ನೇ ಬಿಟ್ಟ. ಗಡ್ಡ ಬಿಟ್ಟ. ಡೆಟ್ರಾಯ್ಟ್ ಲಯನ್ಸ್ ಫುಟ್‌ಬಾಲ್ ತಂಡ ಸೇರ್ತೀನಿ ಅಂತ ಮೈ ಹುರಿಗೊಳಿಸಿದ. ಅದೂ ಕೈಗೂಡಲಿಲ್ಲ.

ಹೊರಗಿನ ಪ್ರಪಂಚವೂ ನೆಟ್ಟಗಿರಲಿಲ್ಲ. 1967ರ ಜುಲೈನಲ್ಲಿ ಡೆಟ್ರಾಯ್ಟೇ ಹೊತ್ತಿ ಉರಿದು 43 ಜನ ಸತ್ತಿದ್ದರು. ತಮ್ಮ ಫ್ರ್ಯಾಂಕಿ ವಿಯೆಟ್ನಾಂ ಯುದ್ಧದಿಂದ ಮರಳಿ ಅಲ್ಲಿ ಕಂಡದ್ದನ್ನು ಹೇಳುತ್ತಿದ್ದ. ಇಷ್ಟೆಲ್ಲ ಆಗುವಾಗ ತಾನು ಹಾಡುತ್ತಿರೋದು ಏನು ಅನ್ನೋ ಪ್ರಶ್ನೆ ಮಾರ್ವಿನ್‌ನ ತಲೆ ತಿನ್ನತೊಡಗಿತು. ಅದೇ ಹೊತ್ತಿಗೆ ಫೋರ್ ಟಾಪ್ಸ್ ತಂಡದ ಓಬಿ ಬೆನ್ಸನ್ ಒಂದು ಅರ್ಧಂಬರ್ಧ ಹಾಡು ಹಿಡಿದುಕೊಂಡು ಬಂದ. 1969ರಲ್ಲಿ ಬರ್ಕ್ಲಿಯಲ್ಲಿ ಪೊಲೀಸರು ಯುವಕರನ್ನು ಬಡಿಯುವುದನ್ನು ನೋಡಿ ಹೊಳೆದ ಹಾಡು ಅದು. ಅವನ ತಂಡದವರಿಗೆ ಪ್ರತಿಭಟನೆಯ ಹಾಡು ಬೇಡವಾಗಿತ್ತು. ಮಾರ್ವಿನ್ ಅದಕ್ಕೆ ಸಾಲು ಸೇರಿಸಿ, ರಾಗ ತಿದ್ದಿ, 1970ರ ಜೂನ್‌ನಲ್ಲಿ ತಾನೇ ನಿರ್ಮಾಪಕನಾಗಿ ರೆಕಾರ್ಡ್ ಮಾಡಿದ. ಹಾಡಿನ ಹೆಸರು ‘ವಾಟ್ಸ್ ಗೋಯಿಂಗ್ ಆನ್’.

ನಮ್ಮಂಥವರಿಗೆ ಇಲ್ಲಿ ಖುಷಿ ಕೊಡುವ ಎರಡು ವಿಷಯ ಇವೆ. ಸ್ಯಾಕ್ಸೊಫೋನ್ ವಾದಕ ಎಲಿ ಫಾಂಟೇನ್ ಇನ್ನೂ ಕೈ ಪಳಗಿಸಿಕೊಳ್ಳಲು ಸುಮ್ಮನೆ ನುಡಿಸುತ್ತಿದ್ದ. ಮಾರ್ವಿನ್ ಅಷ್ಟಕ್ಕೇ ಸಾಕು, ಕೆಲಸ ಮುಗೀತು ಅಂದುಬಿಟ್ಟ. ಹಾಡು ಶುರುವಾಗೋದೇ ಆ ನಾದದಿಂದ. ಎರಡನೆಯದು, ಮಾರ್ವಿನ್ ಎರಡು ಬಗೆಯಲ್ಲಿ ಹಾಡಿ, ಯಾವುದು ಚೆನ್ನಾಗಿದೆ ನೋಡೋಣ ಅಂತ ಕೇಳಿದ. ಎಂಜಿನಿಯರ್ ಕೆನ್ ಸ್ಯಾಂಡ್ಸ್ ಕೈತಪ್ಪಿ ಎರಡನ್ನೂ ಒಟ್ಟಿಗೇ ಹಾಕಿದ. ಒಬ್ಬನೇ ಮನುಷ್ಯ ತನ್ನೊಡನೆ ತಾನೇ ಮಾತಾಡಿಕೊಂಡ ಹಾಗೆ ಕೇಳಿಸಿತು. ಮಾರ್ವಿನ್ ಆ ತಪ್ಪನ್ನೇ ಇಟ್ಟುಕೊಂಡ. ಮುಂದೆ ಎರಡೆರಡು ದನಿ ಒಂದರ ಮೇಲೊಂದು ಹೆಣೆಯೋದೇ ಅವನ ಗುರುತಾಯಿತು. ಹೇಳಿದ್ದನ್ನಷ್ಟೇ ಹಾಡುವ ಕೆಲಸವಾಗಿದ್ದರೆ ಈ ಎರಡೂ ಕಸದ ಬುಟ್ಟಿಗೆ ಹೋಗುತ್ತಿದ್ದವು.

ಗಾರ್ಡಿಗೆ ಹಾಡು ಹಿಡಿಸಲಿಲ್ಲ. ಪ್ರೇಮಗೀತೆಯ ನಾಯಕ ಯುದ್ಧ, ಪೊಲೀಸ್ ಅಂತ ಹಾಡಿದರೆ ಕೊಳ್ಳುವವರು ದೂರಾಗ್ತಾರೆ ಅನ್ನೋ ಭಯ. ವ್ಯಾಪಾರದ ಲೆಕ್ಕದಲ್ಲಿ ಆ ಭಯ ಹುಚ್ಚಿನದೇನಲ್ಲ. ಮಾರ್ವಿನ್ ಮುಷ್ಕರ ಹೂಡಿದ: ಇದು ಹೊರಬರುವ ತನಕ ಇನ್ನೊಂದು ಹಾಡು ಹಾಡೋದಿಲ್ಲ. ತಿಂಗಳುಗಳು ಕಳೆದವು. ಕಂಪನಿಗೆ ಮಾರಲು ಮಾರ್ವಿನ್‌ನ ಹೊಸ ಸರಕೇ ಇಲ್ಲ. ಕೊನೆಗೆ ಒಳಗಿನ ಅಧಿಕಾರಿಗಳೇ ಗಾರ್ಡಿಗೆ ತಿಳಿಯದಂತೆ 1971ರ ಜನವರಿಯಲ್ಲಿ ಅದನ್ನು ಬಿಡುಗಡೆ ಮಾಡಿದರು. ಅಂಗಡಿಗಳಲ್ಲಿ ಪ್ರತಿಗಳು ನಿಲ್ಲಲಿಲ್ಲ. ಕಪ್ಪು ಸಂಗೀತದ ಪಟ್ಟಿಯಲ್ಲಿ ಮೊದಲು, ಒಟ್ಟು ಪಟ್ಟಿಯಲ್ಲಿ ಎರಡನೆಯದು. ಗಾರ್ಡಿ ಸೋಲೊಪ್ಪಿ, ಇಡೀ ಆಲ್ಬಮ್ ಬೇಗ ಮಾಡಿಕೊಡು ಅಂತ ಬಂದ. ಮಾರ್ಚ್‌ನಲ್ಲಿ ಹೆಚ್ಚುಕಡಿಮೆ ಹತ್ತೇ ದಿನದಲ್ಲಿ ಧ್ವನಿಮುದ್ರಣ ಮುಗಿದು, ಮೇ 21ರಂದು ಆಲ್ಬಮ್ ಹೊರಬಂತು. ಒಂಬತ್ತು ಹಾಡು, ಒಂದಕ್ಕೊಂದು ಬೆಸೆದುಕೊಂಡು ಹರಿಯುವಂಥವು. ಯುದ್ಧದಿಂದ ಮರಳಿದ ಸೈನಿಕನ ಕಣ್ಣಲ್ಲಿ ಬಡತನ, ಮಾದಕ ವಸ್ತು, ವಿಷವಾಗುತ್ತಿರುವ ಗಾಳಿ ನೀರು. ಅದರ ಮೂರು ಹಾಡು ಮೊದಲ ಹತ್ತರೊಳಗೆ ಬಂದವು.

ಮರುವರ್ಷ ಹುಟ್ಟೂರು ವಾಷಿಂಗ್ಟನ್ ಅವನಿಗಾಗಿ ಒಂದು ದಿನವನ್ನೇ ಮೀಸಲಿಟ್ಟಿತು. ಬೆಲ್ಟಿನ ಏಟು ತಿಂದ ಊರಿನಲ್ಲೇ ಮಾರ್ವಿನ್ ವೇದಿಕೆಗೆ ಮರಳಿದ. ಹೊಸ ಕರಾರಿನಲ್ಲಿ ದುಡ್ಡೂ ಬಂತು, ಹಾಡಿನ ಮೇಲೆ ಹಿಡಿತವೂ ಬಂತು. 1971ರಲ್ಲೇ 21 ತುಂಬಿದ ಸ್ಟೀವಿ ವಂಡರ್ ಕೂಡ ತನ್ನ ಸಂಗೀತದ ಹಿಡಿತ ತನಗೇ ಬೇಕು ಅಂತ ಹಟ ಮಾಡಿ ಕರಾರು ಬರೆಸಿಕೊಂಡ. ಮೋಟೌನಿನ ಸಾಲಿನಲ್ಲಿ ಬಿರುಕು ಬಿದ್ದಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಸಿನಿಮಾ ಥರ ಶುಭಂ ಹಾಕಬಹುದಿತ್ತು. ಆದರೆ ಸ್ಟುಡಿಯೋದ ಮೇಲೆ ಸಿಕ್ಕ ಹಿಡಿತ ಬದುಕಿನ ಮೇಲೆ ಸಿಗಲಿಲ್ಲ. ಕೊಕೇನ್ ಚಟ ಅಂಟಿತು. ತೆರಿಗೆ ಬಾಕಿ ಬೆಟ್ಟವಾಯಿತು. ಆನಾ ಜೊತೆಗಿನ ಮದುವೆ ಮುರಿದಾಗ ಕೊಡಲು ಕೈಯಲ್ಲಿ ಹಣವಿಲ್ಲದೆ, ಮುಂದಿನ ಆಲ್ಬಮ್ಮಿನ ಗಳಿಕೆಯಿಂದ ಜೀವನಾಂಶ ಅಂತ ಒಪ್ಪಂದವಾಯಿತು. 1978ರಲ್ಲಿ ಬಂದ ಆ ಆಲ್ಬಮ್ಮಿನ ವಸ್ತು ಕೂಡ ಅದೇ ಮುರಿದ ಮದುವೆ. 1981ರಲ್ಲಿ ಮೋಟೌನ್ ಇನ್ನೂ ಮುಗಿಯದ ಆಲ್ಬಮ್ಮೊಂದನ್ನು ಅವನ ಒಪ್ಪಿಗೆಯಿಲ್ಲದೆ ತಿದ್ದಿ ಬಿಡುಗಡೆ ಮಾಡಿತು. ಹತ್ತು ವರ್ಷದ ಹಿಂದೆ ಗೆದ್ದ ಜಗಳ ಮತ್ತೆ ಬಾಗಿಲಿಗೆ ಬಂದಿತ್ತು. ಈ ಸಲ ಮಾರ್ವಿನ್ ಕಂಪನಿಯನ್ನೇ ಬಿಟ್ಟ.

ಅಷ್ಟರಲ್ಲಿ ಅವನು ಅಮೆರಿಕ ಬಿಟ್ಟು ಬೆಲ್ಜಿಯಂನ ಆಸ್ಟೆಂಡ್ ಎಂಬ ಸಮುದ್ರ ತೀರದ ಊರು ಸೇರಿದ್ದ. ಸಂಗೀತ ಕಾರ್ಯಕ್ರಮಗಳನ್ನು ಏರ್ಪಡಿಸುತ್ತಿದ್ದ ಫ್ರೆಡ್ಡಿ ಕೂಸಾರ್ ಅಲ್ಲಿ ಆಸರೆ ಕೊಟ್ಟಿದ್ದ. ತಂಡದ ಬದಲು ಅಲ್ಲಿ ಜೊತೆಯಾಗಿದ್ದು ಯಂತ್ರಗಳು: ಸಿಂಥಸೈಜರ್, ರೋಲೆಂಡ್ ಕಂಪನಿಯ ಟಿಆರ್-808 ಡ್ರಮ್ ಮಷೀನು. ನಿಜವಾದ ಡ್ರಮ್ ಥರ ಕೇಳಿಸಲ್ಲ ಅಂತ ಜನ ಮೂಗು ಮುರಿದಿದ್ದ ಪೆಟ್ಟಿಗೆ ಅದು. ಒಂದು ಕಾಲದ ಡ್ರಮ್ಮರ್ ಮಾರ್ವಿನ್‌ಗೆ ಅದರ ಬಡಿತದಲ್ಲಿ ಬೇರೆಯದೇ ಏನೋ ಕೇಳಿಸಿತು. ಅದರಿಂದ ಹುಟ್ಟಿದ್ದು 1982ರ ‘ಸೆಕ್ಷುಯಲ್ ಹೀಲಿಂಗ್’. 1983ರಲ್ಲಿ ಅದಕ್ಕೆ ಎರಡು ಗ್ರ್ಯಾಮಿ ಬಂದವು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಾಡಿದವನಿಗೆ ಅವೇ ಮೊದಲ ಗ್ರ್ಯಾಮಿಗಳು.

ಊರಿಗೆ ಮರಳಿದ ಮಾರ್ವಿನ್ ತಾನೇ ತಂದೆತಾಯಿಗೆ ಕೊಡಿಸಿದ್ದ ಲಾಸ್ ಏಂಜಲೀಸ್ ಮನೆಯಲ್ಲಿ ಇದ್ದ. ಚಟ ಬಿಟ್ಟಿರಲಿಲ್ಲ. ಯಾರೋ ಕೊಲ್ತಾರೆ ಅನ್ನೋ ಭಯವೂ ಕಾಡುತ್ತಿತ್ತು. 1984ರ ಏಪ್ರಿಲ್ 1ರಂದು ಅಪ್ಪ ಮಗನ ಜಗಳ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಮಗನೇ ಉಡುಗೊರೆಯಾಗಿ ಕೊಟ್ಟಿದ್ದ ಪಿಸ್ತೂಲಿನಿಂದ ಅಪ್ಪ ಗುಂಡು ಹಾರಿಸಿದ. ಮರುದಿನಕ್ಕೆ ಮಾರ್ವಿನ್‌ಗೆ 45 ತುಂಬಬೇಕಿತ್ತು.

2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಗಾರ್ಡಿ ಬೇಡವೆಂದಿದ್ದ ಹಾಡಿನಿಂದ ಹುಟ್ಟಿದ ಆ ಆಲ್ಬಮ್ಮಿಗೆ. ಆದರೆ ನಮಗೆ ಹೆಚ್ಚು ಹಿಡಿಸಿದ್ದು ಅದರ ಕವರಿನ ಮೇಲಿನ ಸಂಗತಿ. ಹತ್ತು ವರ್ಷ ಮೋಟೌನಿನ ಹಿಟ್‌ಗಳನ್ನೆಲ್ಲ ನುಡಿಸಿದ ಫಂಕ್ ಬ್ರದರ್ಸ್ ಹೆಸರು ಅಲ್ಲಿಯವರೆಗೆ ಯಾವ ಆಲ್ಬಮ್ಮಿನ ಮೇಲೂ ಬಂದಿರಲಿಲ್ಲ. ಸಾಲಿನಲ್ಲಿ ನಟ್ಟು ಬಿಗಿದವನ ಹೆಸರನ್ನು ಕಾರಿನ ಮೇಲೆ ಯಾರು ಬರೀತಾರೆ? ಹಿಡಿತ ತನ್ನ ಕೈಗೆ ಬಂದಾಗ ಮಾರ್ವಿನ್ ಅವರ ಹೆಸರುಗಳನ್ನು ಅಚ್ಚು ಹಾಕಿಸಿದ. ಬೇಸ್ ಗಿಟಾರ್, ಜೇಮ್ಸ್ ಜೇಮರ್ಸನ್. ಹೀಗೆ ಒಬ್ಬೊಬ್ಬರದೂ.

ಇವತ್ತು ರಾತ್ರಿ ಹಾಸ್ಟೆಲ್ ಗಲಾಟೆ ಅಡಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಕೇಳಿ. ಮೊದಲು ಕೈ ಪಳಗಿಸಿಕೊಳ್ಳುತ್ತಿರುವ ಸ್ಯಾಕ್ಸೊಫೋನ್ ಬರುತ್ತೆ. ಆಮೇಲೆ ಒಬ್ಬನವೇ ಎರಡು ದನಿ. ಬೇಸ್ ಎಲ್ಲಿದೆ ಅಂತ ಕಿವಿಗೊಟ್ಟು ಹುಡುಕಿ. ನುಡಿಸುತ್ತಿರುವವನ ಹೆಸರು ಈಗ ನಿಮಗೆ ಗೊತ್ತು.