ವಾಸುದೇವಾಚಾರ್ಯರು: ಪಡೆದುದೂ ಕೊಟ್ಟುದೂ

ಸಂಗೀತದಲ್ಲಿ ಯಾವುದು ಸ್ವಂತ, ಯಾವುದು ಪರರದು ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವವರು ಮೈಸೂರು ವಾಸುದೇವಾಚಾರ್ಯರು. 1865ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಸಂಸ್ಕೃತ ಪಾಠಶಾಲೆಯಲ್ಲಿ ಶಾಸ್ತ್ರವ್ಯಾಸಂಗ, ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತದ ಮೊದಲ ಪಾಠ. ಬಳಿಕ ಚಾಮರಾಜ ಒಡೆಯರ ನೆರವಿನಿಂದ ತಿರುವಯ್ಯಾರಿನಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಗುರುಕುಲವಾಸ. ಪಟ್ಣಂ ಅವರ ಗುರುಗಳಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ತ್ಯಾಗರಾಜರ ನೇರ ಶಿಷ್ಯರು. ಹೀಗೆ ಆಚಾರ್ಯರಿಗೆ ದೊರೆತದ್ದು ಪಿತ್ರಾರ್ಜಿತವೆಂದೇ ಹೇಳಬಹುದಾದ ಸಂಪತ್ತು. ರಾಗಗಳು ಎಲ್ಲರವು, ಪಲ್ಲವಿ, ಅನುಪಲ್ಲವಿ, ಚರಣಗಳ ಕಟ್ಟು ಹಿರಿಯರದು, ಅವರು ಬಹುವಾಗಿ ಬಳಸಿದ ತೆಲುಗು ಸಹ ಆ ಪರಂಪರೆಯ ಭಾಷೆಯೇ. ಹಾಗಾದರೆ ಅವರದೇನು? ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೃತಿಯನ್ನು ಆಲಿಸಿದವರು ಈ ಪ್ರಶ್ನೆ ಎತ್ತಲಾರರು. ರಾಗ ಹಳೆಯದು, ನಡಿಗೆ ಆಚಾರ್ಯರದು.

ಆ ನಡಿಗೆಗೆ ಅವರು ಹಾಕಿದ ಬೇಲಿ ‘ವಾಸುದೇವ’ ಎಂಬ ಅಂಕಿತವೊಂದೇ. ದೇವರ ಹೆಸರೂ ಅದೇ, ತಮ್ಮ ಹೆಸರೂ ಅದೇ! ಆಸ್ಥಾನ ವಿದ್ವಾಂಸರಾಗಿದ್ದ ಅವರಿಗೆ 1935ರಲ್ಲಿ ಸಂಗೀತ ಕಲಾನಿಧಿ, 1959ರಲ್ಲಿ ಪದ್ಮಭೂಷಣ ಸಂದವು. ‘ನಾ ಕಂಡ ಕಲಾವಿದರು’ ಗ್ರಂಥದಲ್ಲಿ ಅವರು ಇತರರ ಕಲೆಯನ್ನು ಹೆಸರಿಟ್ಟು ಸ್ಮರಿಸಿದ್ದಾರೆ.

ಕಾನೂನಿನ ಕಿವಿ ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆ ಮೊದಲಿಗೆ ಬರೆದ ಅಥವಾ ಅಚ್ಚಾದ ಸಂಗೀತವನ್ನು ಮಾತ್ರ ಸಂಗೀತಕೃತಿಯೆಂದು ಒಪ್ಪುತ್ತಿತ್ತು. ಬಾಯಿಂದ ಬಾಯಿಗೆ ಬರುವ ನಮ್ಮ ವಿದ್ಯೆಗೆ ಇದೆಂತಹ ಅಳತೆಗೋಲು! 1994ರ ತಿದ್ದುಪಡಿಯಿಂದ ಆ ನಿಬಂಧನೆ ಹೋಯಿತು. ಕರ್ತೃವಿನ ಮರಣಾನಂತರ ಐವತ್ತು ವರ್ಷಗಳಿದ್ದ ರಕ್ಷಣೆ 1992ರಲ್ಲಿ ಅರವತ್ತಕ್ಕೆ ಏರಿತ್ತು. ಆಚಾರ್ಯರು ತೀರಿಕೊಂಡದ್ದು 1961ರಲ್ಲಿ. ಆದ್ದರಿಂದ 2022ರ ಮೊದಲ ದಿನದಿಂದ ಅವರ ಕೃತಿಗಳನ್ನು ಯಾರು ಬೇಕಾದರೂ ಹಾಡಬಹುದು, ಮುರಿಯಬಹುದು, ರೀಮಿಕ್ಸ್ ಮಾಡಬಹುದು. ಇದಕ್ಕೆ ನನ್ನ ಆಕ್ಷೇಪವಿಲ್ಲ. ಪಡೆದು ಬೆಳೆದ ವಿದ್ಯೆ ಕೊಟ್ಟೂ ಬೆಳೆಯಬೇಕು. ಕಳವಳವಿರುವುದು ಹೆಸರಿನ ಬಗೆಗೆ. ‘ಬ್ರೋಚೇವಾರೆವರುರಾ’ 1980ರಲ್ಲಿ ತೆರೆಕಂಡ ‘ಶಂಕರಾಭರಣಂ’ ಚಿತ್ರದಲ್ಲಿ ಮೊಳಗಿ ಮನೆಮಾತಾಯಿತು. ಜಯನಗರದ ಕಛೇರಿಯೊಂದರಲ್ಲಿ ಅದನ್ನು ಕೇಳಿದ ಪಕ್ಕದ ತರುಣರು ಸಿನಿಮಾ ಹಾಡೆಂದು ಹಿಗ್ಗಿದರು. ಚರಣದಲ್ಲಿ ‘ವಾಸುದೇವ’ ಎಂಬ ಮುದ್ರೆ ಬಂದಾಗ ಅವರು ಕೈಮುಗಿದದ್ದು ದೇವರಿಗೆ. ಮೈಸೂರಿನ ಕವಿ ಅವರ ಗಮನಕ್ಕೆ ಬರಲೇ ಇಲ್ಲ.

ಕೊನೆಯ ವರ್ಷಗಳಲ್ಲಿ ಆಚಾರ್ಯರು ಮದರಾಸಿನ ಕಲಾಕ್ಷೇತ್ರದಲ್ಲಿದ್ದು ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ರಾಗಸಂಯೋಜನೆ ಮಾಡುತ್ತಿದ್ದರು. ಅದು ಪೂರ್ಣವಾಗುವ ಮೊದಲೇ ತೀರಿಕೊಂಡರು. ಉಳಿದ ಭಾಗವನ್ನು ಮೊಮ್ಮಗ ರಾಜಾರಾಮ್ ಪೂರೈಸಿದರು. ಅಜ್ಜನ ಸ್ವರ ಎಲ್ಲಿ ನಿಂತಿತು, ಮೊಮ್ಮಗನದು ಎಲ್ಲಿ ಮೊದಲಾಯಿತು ಎಂಬುದನ್ನು ಬರಿಯ ಕಿವಿಯಿಂದ ನಾನಂತೂ ಹೇಳಲಾರೆ.