ಗುಣವಂತೆಯ ಬ್ಯಾಂಡ್ ಲೀಡರ್

ಕಳೆದ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ನಾವು ಐದು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದೆವು. ಎರಡು ಗಿಟಾರ್, ಒಂದು ಬೇಸ್, ಒಂದು ಸೆಕೆಂಡ್ ಹ್ಯಾಂಡ್ ಡ್ರಮ್ ಸೆಟ್, ಒಂದು ಮೌತ್ ಆರ್ಗನ್. ಪ್ರಾಕ್ಟೀಸ್ ಮಾಡೋದು ಬೆಳಕೆಯಲ್ಲಿ, ನಮ್ಮ ಬೇಸ್ ಗಿಟಾರಿಸ್ಟ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ಅಲ್ಲೀಗ ದನ ಇಲ್ಲ, ಒಂದು ಮೂಲೆಯಲ್ಲಿ ತೆಂಗಿನಕಾಯಿ ರಾಶಿ ಇದೆ. ಕರೆಂಟು ಹೋದರೆ ಆಂಪ್ ಬಂದ್. ಹಾಗಾಗಿ ಜೂನ್‌ನಿಂದ ಆಗಸ್ಟ್ ತನಕ ನಮ್ಮ ಬ್ಯಾಂಡ್ ಅಂದರೆ ಬಹುಪಾಲು ಮೌತ್ ಆರ್ಗನ್ ಮತ್ತು ಹೆಂಚಿನ ಮೇಲೆ ಬೀಳೋ ಮಳೆ, ಅಷ್ಟೇ. ನುಡಿಸುತ್ತಿದ್ದದ್ದು ಬ್ಲೂಸ್. ಮೂರು ಕಾರ್ಡ್ ಬಂದರೆ ಸಾಕು, ಶುರು ಮಾಡಬಹುದು ಅನ್ನೋದು ಬಿಟ್ಟರೆ ಅದಕ್ಕೆ ದೊಡ್ಡ ಕಾರಣ ಏನೂ ಇರಲಿಲ್ಲ.

ಐವರಲ್ಲಿ ಇಬ್ಬರು ಫೈನಲ್ ಇಯರ್. ಜೂನ್ ಬಂದರೆ ಒಬ್ಬರು ಬೆಂಗಳೂರಿಗೆ, ಇನ್ನೊಬ್ಬರು ಪುಣೆಗೆ. ಹೋಗುವವರಲ್ಲಿ ಡ್ರಮ್ಸ್ ನುಡಿಸುವವರೂ ಇದ್ದಾರೆ. ಫೆಬ್ರುವರಿಯ ಒಂದು ಸಂಜೆ ಮಾತು ಅಲ್ಲಿಗೇ ಬಂತು. ಡ್ರಮ್ ಸೆಟ್ ಮಾರಿ ದುಡ್ಡನ್ನು ಐದು ಪಾಲು ಮಾಡಿಕೊಳ್ಳೋಣವಾ ಅಂತ. ಯಾರೂ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸುಮ್ಮನೆ ವೈರ್ ಸುತ್ತಿಟ್ಟು ಮನೆಗೆ ಹೋದೆವು.

ಅದೇ ವಾರ ಕನ್ನಡ ಸಂಘದವರು ಪತ್ರಿಕೆಗೆ ಒಂದು ವ್ಯಕ್ತಿಚಿತ್ರ ಬರೆದುಕೊಡಿ ಅಂದರು. ನಾವು ಆರಿಸಿಕೊಂಡದ್ದು ಮಡಿ ವಾಟರ್ಸ್ ಅವರನ್ನ. 1913ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಅಜ್ಜಿ ಹತ್ತಿರ ಬೆಳೆದು, ಹತ್ತಿ ತೋಟದಲ್ಲಿ ದುಡಿಯುತ್ತಾ ಸುತ್ತಲಿನ ಹಳ್ಳಿಗಳಲ್ಲಿ ಹಾಡುತ್ತಿದ್ದವರು. 1941ರಲ್ಲಿ ಜಾನಪದ ಸಂಗ್ರಾಹಕರು ತೋಟಕ್ಕೇ ಬಂದು ಅವರ ಹಾಡು ರೆಕಾರ್ಡ್ ಮಾಡಿಕೊಂಡರು. 1943ರಲ್ಲಿ ಅವರು ಷಿಕಾಗೋ ಸೇರಿದರು. ಅಲ್ಲಿನ ಕ್ಲಬ್ಬುಗಳ ಗಲಾಟೆಯಲ್ಲಿ ಸಾದಾ ಗಿಟಾರ್ ಕೇಳಿಸುತ್ತಿರಲಿಲ್ಲ, ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಇಷ್ಟು ಬರೆದು ಓದಿದೆವು. ತಪ್ಪೇನಿರಲಿಲ್ಲ. ಆದರೆ ನೆಟ್‌ನಲ್ಲಿ ಯಾರು ಬೇಕಾದರೂ ಓದಬಹುದಾದದ್ದನ್ನೇ ನಾವು ಕನ್ನಡದಲ್ಲಿ ಟೈಪ್ ಮಾಡಿದ ಹಾಗಿತ್ತು.

ದಾರಿ ತಪ್ಪಿಸಿದ್ದು ಬೆಳಕೆಯ ಅಜ್ಜ. ನಮ್ಮ ಬೇಸ್ ಗಿಟಾರಿಸ್ಟ್‌ನ ಅಜ್ಜ ದಿನಾ ಜಗುಲಿಯಲ್ಲಿ ಕೂತು ನಮ್ಮ ಗದ್ದಲ ಸಹಿಸಿಕೊಳ್ಳುತ್ತಿದ್ದರು. ಒಂದು ದಿನ ಕರೆದು, ನಿಮ್ಮಲ್ಲಿ ಭಾಗವತ ಯಾರು ಅಂತ ಕೇಳಿದರು. ನಮಗೆ ಅರ್ಥ ಆಗಲಿಲ್ಲ. ಆಮೇಲೆ ಕೆರೆಮನೆ ಶಿವರಾಮ ಹೆಗಡೆಯವರ ಸುದ್ದಿ ತೆಗೆದರು. ಬಸ್ಸಲ್ಲಿ ಭಟ್ಕಳದಿಂದ ಹೊನ್ನಾವರಕ್ಕೆ ಹೋಗುವಾಗ ಮುರ್ಡೇಶ್ವರ, ಮಂಕಿ ದಾಟಿದ ಮೇಲೆ ಗುಣವಂತೆ ಬರುತ್ತಲ್ಲ, ಅಲ್ಲಿನವರು. ನಾವು ಇಯರ್‌ಫೋನಲ್ಲಿ ಷಿಕಾಗೋ ಕೇಳುತ್ತಾ ಎಷ್ಟು ಸಲ ಆ ಊರನ್ನು ದಾಟಿದ್ದೇವೋ ಲೆಕ್ಕ ಇಲ್ಲ.

ಶಿವರಾಮ ಹೆಗಡೆಯವರು ಹುಟ್ಟಿದ್ದು 1908ರಲ್ಲಿ. ಕೆರೆಮನೆ ಅನ್ನೋದು ಮನೆಯ ಹೆಸರು, ಈಗ ಅದು ಯಕ್ಷಗಾನದ ಒಂದು ಪರಂಪರೆಯ ಹೆಸರೂ ಹೌದು. ಅವರು ಬೆಳೆದ ಕಾಲದಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಶರಾವತಿಗೆ ಈಗಿನ ಸೇತುವೆ ಇರಲಿಲ್ಲ, ಹೊನ್ನಾವರ ಪೇಟೆಗೆ ಹೋಗಬೇಕಾದರೆ ದೋಣಿ ಹತ್ತಬೇಕು. ಹಳ್ಳಿಗಳಲ್ಲಿ ಕರೆಂಟು ಇಲ್ಲ, ಮೈಕ್ ಇಲ್ಲ. ಆದರೆ ಆಟ ಇತ್ತು. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಲೇ ಹೇಳೋದು. ಹೊಳೆಯ ಆ ಕಡೆ ಕರ್ಕಿಯಲ್ಲಿ ಹಾಸ್ಯಗಾರ ಮನೆತನದವರ ಹಳೇ ಮೇಳ ಹೆಸರು ಮಾಡಿತ್ತು. ಅಂದರೆ ಈ ಮಣ್ಣಿಗೆ ಮೇಳ ಹೊಸತಲ್ಲ. ಹೊಸತಾಗಿ ಒಂದನ್ನು ಕಟ್ಟಿ ನಿಲ್ಲಿಸೋದು ಮಾತ್ರ ಬೇರೆಯೇ ಕೆಲಸ.

ಅವರು ಆ ಕೆಲಸಕ್ಕೆ ಕೈ ಹಾಕಿದ್ದು 1934ರಲ್ಲಿ, 26ನೇ ವಯಸ್ಸಿಗೆ. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಗೆ ಬಂತು. ಸಿನಿಮಾ ಮಾತಾಡೋಕೆ ಶುರು ಮಾಡಿದ ವರ್ಷವೇ ಗುಣವಂತೆಯ ಒಬ್ಬ ಯುವಕ ಗೆಜ್ಜೆ, ಕಿರೀಟ ಒಟ್ಟುಮಾಡಿ ಮೇಳ ಕಟ್ಟಿದ. ನಮ್ಮ ಬ್ಯಾಂಡಿಗೆ ಹೆಸರಿಡಲು ನಾವು ಮೂರು ವಾರ ಜಗಳ ಆಡಿದ್ದೆವು. ಅವರು ಹತ್ತಿರದ ದೇವರ ಹೆಸರನ್ನೇ ಇಟ್ಟರು: ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. ಆ ಹೆಸರು ಇವತ್ತಿಗೂ ಬದಲಾಗಿಲ್ಲ.

ಮೇಳ ಅಂದರೆ ಏನು ಅಂತ ಅಜ್ಜ ಹೇಳಿದ್ದನ್ನು ಕೇಳಿ ನಮ್ಮ ಕೊಟ್ಟಿಗೆ ಬ್ಯಾಂಡ್ ಬಗ್ಗೆ ನಮಗೇ ನಾಚಿಕೆ ಆಯಿತು. ಹಿಮ್ಮೇಳದಲ್ಲಿ ಭಾಗವತ, ಮದ್ದಳೆ, ಚಂಡೆ. ಮುಮ್ಮೇಳದಲ್ಲಿ ರಾಜವೇಷ, ಸ್ತ್ರೀವೇಷ, ಹಾಸ್ಯ, ಬಾಲಗೋಪಾಲರ ವೇಷ ಕಟ್ಟುವ ಹುಡುಗರು. ಇವರ ಜೊತೆ ವೇಷದ ಪೆಟ್ಟಿಗೆ ಹೊರುವವರು, ಅಡುಗೆಯವರು. ಮಳೆ ನಿಂತ ಮೇಲೆ ತಿರುಗಾಟ ಶುರು, ಮುಂದಿನ ಮಳೆ ಬರುವ ತನಕ. ಒಂದೂರಲ್ಲಿ ರಾತ್ರಿ ಇಡೀ ಆಟ, ಬೆಳಿಗ್ಗೆ ಮಂಗಳ ಹಾಡಿ, ಬಣ್ಣ ಒರೆಸಿಕೊಂಡು ಮುಂದಿನ ಊರಿಗೆ. ಪೆಟ್ಟಿಗೆ ತಲೆ ಮೇಲೆ, ಉಳಿದವರು ನಡೆದೇ. ಜನ ಸೇರಲಿ ಬಿಡಲಿ, ಇಷ್ಟು ಹೊಟ್ಟೆ ತುಂಬಿಸೋದು ಯಜಮಾನನ ಜವಾಬ್ದಾರಿ. ಅವನೇ ವೇಷಧಾರಿಯೂ ಆಗಿದ್ದರೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗಲೂ ತಲೆಯೊಳಗೆ ನಾಳೆಯ ಅಕ್ಕಿ ಲೆಕ್ಕ. ಶಿವರಾಮ ಹೆಗಡೆಯವರು ಎರಡೂ ಆಗಿದ್ದರು.

ಅಜ್ಜ ಕೇಳಿದ ಭಾಗವತನ ಪ್ರಶ್ನೆಗೆ ಈಗ ಬರೋಣ. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಇರೋದು ಪದ್ಯಗಳು. ಪಾತ್ರಗಳು ಆಡುವ ಮಾತು ಅಲ್ಲಿ ಬರೆದಿರೋದಿಲ್ಲ. ಭಾಗವತ ಪದ್ಯ ಹಾಡುತ್ತಾರೆ, ವೇಷಧಾರಿ ಕುಣಿಯುತ್ತಾನೆ, ಪದ್ಯ ಮುಗಿದ ಮೇಲೆ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ, ಅಲ್ಲೇ ನಿಂತು ಹೇಳುತ್ತಾನೆ. ಎದುರಿನ ಪಾತ್ರ ಏನು ತಿರುಗಿ ಹೇಳುತ್ತೆ ಅನ್ನೋದು ಅವನಿಗೂ ಮೊದಲೇ ಗೊತ್ತಿಲ್ಲ. ಮಾತು ಉದ್ದ ಆದರೆ ಭಾಗವತ ಮುಂದಿನ ಪದ್ಯ ಎತ್ತಿ ಕತೆಯನ್ನು ಎಳೆದುಕೊಂಡು ಹೋಗುತ್ತಾರೆ. ಬ್ಲೂಸ್ ಲೆಕ್ಕವೂ ಇದಕ್ಕೆ ಹತ್ತಿರವೇ. 12 ಬಾರ್‌ಗಳ ಚೌಕಟ್ಟು ಗಟ್ಟಿ, ಅದರೊಳಗೆ ಸೋಲೋ ನುಡಿಸುವವನಿಗೆ ಪೂರ್ತಿ ಸ್ವಾತಂತ್ರ್ಯ, ಆದರೆ 13ನೇ ಬಾರ್‌ಗೆ ಎಲ್ಲರೂ ಒಟ್ಟಿಗೆ ಮನೆಗೆ ಬರಬೇಕು. ನಮ್ಮಲ್ಲಿ ಬರುತ್ತಿರಲಿಲ್ಲ. ಇಬ್ಬರು ಗಿಟಾರಿಸ್ಟ್‌ಗಳೂ ತಮ್ಮ ಸೋಲೋ ಮುಗಿಯೋದೇ ಬೇಡ ಅನ್ನೋ ಹಾಗೆ ನುಡಿಸುತ್ತಿದ್ದರು. ನಮಗೆ ಭಾಗವತ ಇರಲಿಲ್ಲ ಅಂತ ಆಗ ಗೊತ್ತಾಯಿತು.

ವೇಷಧಾರಿಯಾಗಿ ಶಿವರಾಮ ಹೆಗಡೆಯವರಿಗೆ ಹೆಸರು ತಂದ ಪಾತ್ರಗಳಲ್ಲಿ ಗದಾಯುದ್ಧದ ಕೌರವ ದೊಡ್ಡದು. ಕತೆ ಎಲ್ಲರಿಗೂ ಗೊತ್ತು. ಯುದ್ಧದ ಕೊನೆ ದಿನ. ತಮ್ಮಂದಿರು ಸತ್ತಿದ್ದಾರೆ, ಭೀಷ್ಮ, ದ್ರೋಣ, ಕರ್ಣ ಯಾರೂ ಇಲ್ಲ. ವೈಶಂಪಾಯನ ಸರೋವರದ ನೀರೊಳಗೆ ಅಡಗಿದ ರಾಜನನ್ನು ಭೀಮ ಹೀಯಾಳಿಸಿ ಹೊರಗೆ ಕರೆಯುತ್ತಾನೆ. ಹೊರಗೆ ಬಂದರೆ ಸಾವು ಅಂತ ಗೊತ್ತಿದ್ದೂ ಅವನು ಬರುತ್ತಾನೆ. ಸೋತವನನ್ನು ಸಣ್ಣವನಾಗಿ ತೋರಿಸಬಾರದು, ಅವನ ತಪ್ಪನ್ನು ಮುಚ್ಚಲೂ ಬಾರದು, ಕಷ್ಟ ಇರೋದು ಇಲ್ಲೇ. ಅಜ್ಜ ಸಣ್ಣವರಿದ್ದಾಗ ಆಟದ ಮಧ್ಯೆ ನಿದ್ದೆ ಬರುತ್ತಿತ್ತಂತೆ. ಕೌರವ ಬರುವಾಗ ಎಬ್ಬಿಸಿ ಅಂತ ಅವರ ಅಪ್ಪನಿಗೆ ಹೇಳಿಟ್ಟೇ ಮಲಗುತ್ತಿದ್ದರಂತೆ.

1956ರಲ್ಲಿ ರಾಜ್ಯ ಒಂದಾಗಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1970ರ ದಶಕದ ಹೊಸ್ತಿಲಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಶಿವರಾಮ ಹೆಗಡೆಯವರಿಗೆ ಸಿಕ್ಕಿತು. ಯಕ್ಷಗಾನ ಕಲಾವಿದರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮೇಳ ಕಟ್ಟಿ ಆಗಲೇ 35 ವರ್ಷ ದಾಟಿತ್ತು. ತಮ್ಮ ನೆನಪುಗಳನ್ನು ಅವರು ನೆನಪಿನ ರಂಗಸ್ಥಳ ಎಂಬ ಹೆಸರಿನಲ್ಲಿ ಬಿಟ್ಟುಹೋಗಿದ್ದಾರೆ. 1992ರಲ್ಲಿ ತೀರಿಕೊಂಡರು.

ಜೀವನಚರಿತ್ರೆ ಇಲ್ಲಿಗೆ ಮುಗಿಯಬೇಕು. ಆದರೆ ನಮಗೆ ಬೇಕಾಗಿದ್ದ ಉತ್ತರ ಇದರ ಆಚೆ ಇತ್ತು.

ಮೇಳದಲ್ಲಿ ಅವರ ಜೊತೆಗೇ ಮುಂದಿನ ತಲೆಮಾರು ಬೆಳೆದಿತ್ತು. ಮಕ್ಕಳಾದ ಶಂಭು ಹೆಗಡೆ, ಗಜಾನನ ಹೆಗಡೆ, ಮನೆತನದವರೇ ಆದ ಮಹಾಬಲ ಹೆಗಡೆ. ಮೂವರೂ ದೊಡ್ಡ ಕಲಾವಿದರಾದರು. 1938ರಲ್ಲಿ ಹುಟ್ಟಿದ ಶಂಭು ಹೆಗಡೆಯವರು ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದರು, ಮೇಳವನ್ನು ದೇಶದ ಆಚೆಗೂ ಕರೆದೊಯ್ದರು. 1986ರಲ್ಲಿ ಗುಣವಂತೆಯಲ್ಲೇ ಶ್ರೀಮಯ ಕಲಾಕೇಂದ್ರ ಶುರು ಮಾಡಿದರು. ಅಲ್ಲಿ ಕಲಿಯೋಕೆ ಕೆರೆಮನೆಯಲ್ಲೇ ಹುಟ್ಟಿರಬೇಕಾಗಿಲ್ಲ. 2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲಿ ರಾಮನ ಪಾತ್ರ ಮಾಡುತ್ತಿದ್ದಾಗಲೇ ಅಸ್ವಸ್ಥರಾಗಿ ಅವರೂ ಹೋದರು. ಆಮೇಲೆ ಅವರ ಮಗ ಶಿವಾನಂದ ಹೆಗಡೆಯವರು ಮೇಳ ಹಿಡಿದರು. ಈಗ ನಾಲ್ಕನೇ ತಲೆಮಾರು ಗೆಜ್ಜೆ ಕಟ್ಟಿದೆ. 2024ಕ್ಕೆ ಮಂಡಳಿಗೆ 90 ತುಂಬಿತು.

ಅರ್ಧಕ್ಕೆ ಬಿಟ್ಟಿದ್ದ ಮಡಿ ವಾಟರ್ಸ್ ಪುಟವನ್ನು ಮತ್ತೆ ತೆಗೆದು ನೋಡಿದೆವು. ಅಲ್ಲೂ ಇದೇ ಇತ್ತು, ನಾವು ಗಮನಿಸಿರಲಿಲ್ಲ. ಅವರ ಬ್ಯಾಂಡಿನಿಂದ ಜನ ಹೋಗುತ್ತಲೇ ಇದ್ದರು. ಮೌತ್ ಆರ್ಗನ್ನಿನ ಲಿಟಲ್ ವಾಲ್ಟರ್ ಹೋಗಿ ಸ್ವಂತ ಬ್ಯಾಂಡ್ ಮಾಡಿಕೊಂಡರು, ಆ ಜಾಗಕ್ಕೆ ಜೂನಿಯರ್ ವೆಲ್ಸ್ ಬಂದರು, ಆಮೇಲೆ ಜೇಮ್ಸ್ ಕಾಟನ್ ಬಂದರು. ಗಿಟಾರಿನ ಜಿಮ್ಮಿ ರಾಜರ್ಸ್ ಕೂಡ ಬಿಟ್ಟುಹೋದರು. 1983ರಲ್ಲಿ ಸಾಯುವ ತನಕ ಅವರು ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹಾಡಿದರು. ಹೋದವರು ಅಲ್ಲಿ ಕಲಿತದ್ದನ್ನು ಬೇರೆ ಕಡೆ ನುಡಿಸಿದರು.

ಐದು ಜನ ಸೇರಿ ಶುರು ಮಾಡೋದು ಕಷ್ಟ ಅಲ್ಲ, ನಾವೂ ಮಾಡಿದ್ದೇವೆ. ಶಿವರಾಮ ಹೆಗಡೆಯವರು ಮಾಡಿದ್ದು ಅದಕ್ಕಿಂತ ಮುಂದಿನದು. ತಾವು ಇಲ್ಲದಿದ್ದರೂ ಚಂಡೆ ಪೆಟ್ಟು ಬೀಳುವ ಹಾಗೆ ಒಂದು ವ್ಯವಸ್ಥೆ ಬಿಟ್ಟುಹೋದರು. ನಮ್ಮ ಬ್ಯಾಂಡನ್ನು ಅದಕ್ಕೆ ಹೋಲಿಸೋ ಧೈರ್ಯ ನಮಗಿಲ್ಲ. ಆದರೆ ಡ್ರಮ್ ಸೆಟ್ ಮಾರೋದಕ್ಕಿಂತ ಮೊದಲು, ಅದನ್ನು ನುಡಿಸೋದಕ್ಕೆ ಯಾರಿಗಾದರೂ ಕಲಿಸಿದ್ದೇವಾ ಅಂತ ನಮ್ಮನ್ನು ನಾವು ಕೇಳಿಕೊಳ್ಳಬೇಕಿತ್ತು. ಒಂದು ವರ್ಷದಲ್ಲಿ ನಾವು ಒಬ್ಬ ಜೂನಿಯರನ್ನೂ ಕೊಟ್ಟಿಗೆಗೆ ಕರೆದಿರಲಿಲ್ಲ.

ಮಾರ್ಚ್‌ನಲ್ಲಿ ಫಸ್ಟ್ ಇಯರ್ ಹುಡುಗ ಹುಡುಗಿಯರಿಗೆ ಒಂದು ನೋಟಿಸ್ ಹಾಕಿದೆವು. ಇಬ್ಬರು ಬಂದರು. ಒಬ್ಬಳಿಗೆ ಕೀಬೋರ್ಡ್ ಬರುತ್ತೆ. ಇನ್ನೊಬ್ಬ ಮಂಕಿ ಕಡೆಯವನು, ಡ್ರಮ್ಸ್ ಮುಟ್ಟಿಯೇ ಇಲ್ಲ, ಊರಿನ ಆಟದಲ್ಲಿ ಚಂಡೆ ಬಾರಿಸಿದ್ದಾನೆ. ನಾಲ್ಕರ ಲೆಕ್ಕ ಕೊಟ್ಟರೆ ಅವನ ಕೈ ತನ್ನಷ್ಟಕ್ಕೆ ತ್ರಿವುಡೆಯ ಏಳಕ್ಕೆ ಜಾರುತ್ತೆ. ನಮ್ಮ ಡ್ರಮ್ಮರ್ ಅಣ್ಣ ಶನಿವಾರ ಶನಿವಾರ ಅವನನ್ನು ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಡುತ್ತಿದ್ದಾರೆ. ಜೂನ್ ಒಳಗೆ ಬರುತ್ತಾ ಗೊತ್ತಿಲ್ಲ. ಅಜ್ಜ ಮಾತ್ರ ಈಗ ಜಗುಲಿಯಿಂದ ಎದ್ದು ಕೊಟ್ಟಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದಾರೆ.